ಸಾಲವೋ, ಪಾಲೋ? ಬೆಳೆಯುವ ಕಂಪನಿಗೆ ಹಣ ಬರುವ ದಾರಿ



ಒಂದು ಸಂಘದ ವಾರದ ಸಭೆ. ಉಳಿತಾಯ ಕಟ್ಟಿ, ಸಾಲದ ಕಂತು ಬರೆದು, ನಿರ್ಣಯ ಪುಸ್ತಕಕ್ಕೆ ಸಹಿ ಹಾಕಿ ಆಗಿತ್ತು. ಆಗ ಹಿಂದೆ ಕೂತಿದ್ದ ಒಬ್ಬ ಅಕ್ಕ ಕೇಳಿದರು: "ಅಲ್ಲ ಮೇಡಂ, ಆ ಕಾಫಿ ಕಂಪನಿಯವರಿಗೆ ಸಾವಿರಾರು ಕೋಟಿ ಸಾಲ ಇತ್ತಂತಲ್ಲ. ದುಡ್ಡು ಇರೋರಿಗೆ ಸಾಲ ಯಾಕೆ ಬೇಕು?" ಎಲ್ಲರೂ ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಲ್ಲ. ನಾಳೆ ನಮ್ಮ ಸಂಘವೂ ಹಪ್ಪಳವೋ ಮಸಾಲೆ ಪುಡಿಯೋ ಮಾಡಿ ಬೆಳೆದರೆ ನಮ್ಮ ಮುಂದೆಯೂ ಇದೇ ಪ್ರಶ್ನೆ ಬರುತ್ತದೆ. ಆದ್ದರಿಂದ ಈ ಸಲ ಇದನ್ನೇ ತಿಳಿದುಕೊಳ್ಳೋಣ.

ಲಾಭ ಇದೆ, ಕೈಯಲ್ಲಿ ಕಾಸಿಲ್ಲ

ಒಂದು ಹಪ್ಪಳದ ಘಟಕ ತಿಂಗಳಿಗೆ 20,000 ರೂ. ಮಾಲು ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಅಂಗಡಿಯವರು ಹಣ ಕೊಡುವುದು ಎರಡು ತಿಂಗಳು ಬಿಟ್ಟು. ಅಂದರೆ ಯಾವಾಗ ನೋಡಿದರೂ 40,000 ರೂ. ಹೊರಗೆ ಸಿಕ್ಕಿಕೊಂಡಿರುತ್ತದೆ. ವ್ಯಾಪಾರ ತಿಂಗಳಿಗೆ 50,000 ರೂ. ಆಯಿತು ಅನ್ನಿ. ಈಗ ಹೊರಗಿರುವುದು 1 ಲಕ್ಷ! ಉದ್ದಿನ ಹಿಟ್ಟಿಗೆ, ಎಣ್ಣೆಗೆ, ಕೂಲಿಗೆ ಮಾತ್ರ ಇವತ್ತೇ ಹಣ ಬೇಕು. ವ್ಯಾಪಾರ ಬೆಳೆದ ಹಾಗೆ ಹಣದ ಅಗತ್ಯವೂ ಬೆಳೆಯುತ್ತದೆ. ಇದರ ಮೇಲೆ ಯಂತ್ರ, ಕಟ್ಟಡ, ಗಾಡಿ ಬೇರೆ. ದೊಡ್ಡ ಕಂಪನಿಯ ಕಥೆಯೂ ಇಷ್ಟೇ, ಸೊನ್ನೆಗಳು ಜಾಸ್ತಿ ಅಷ್ಟೇ.

ಈ ಹಣ ಮೂರು ಕಡೆಯಿಂದ ಬರಬಹುದು. ಒಂದು, ಗಳಿಸಿದ ಲಾಭವನ್ನು ಹಂಚಿಕೊಳ್ಳದೆ ವ್ಯಾಪಾರದಲ್ಲೇ ಬಿಡುವುದು. ಎರಡು, ಸಾಲ. ಮೂರು, ಪಾಲು, ಅಂದರೆ ಷೇರು ಬಂಡವಾಳ. ಮೊದಲನೆಯದು ಎಲ್ಲಕ್ಕಿಂತ ನೆಮ್ಮದಿಯದು. ಆದರೆ ಅದು ನಿಧಾನ. ಬೆಳವಣಿಗೆ ಜೋರಾಗಿದ್ದರೆ ಸಾಲುವುದಿಲ್ಲ.

ಸಾಲ ಅಂದರೇನು, ಪಾಲು ಅಂದರೇನು?

ಸಾಲ ನಮಗೆ ಗೊತ್ತು. ಬ್ಯಾಂಕಿನವರು ಹಣ ಕೊಡುತ್ತಾರೆ, ನಾವು ಬಡ್ಡಿ ಸಮೇತ ಹೇಳಿದ ದಿನಕ್ಕೆ ಕಟ್ಟಬೇಕು. ಲಾಭ ಎಷ್ಟೇ ಬರಲಿ, ಬ್ಯಾಂಕ್ ಹೆಚ್ಚು ಕೇಳುವುದಿಲ್ಲ. ನಷ್ಟವಾದರೆ ಬಿಡುವುದೂ ಇಲ್ಲ. ಕಂಪನಿಗಳು ಬ್ಯಾಂಕಿನಿಂದ ಮಾತ್ರವಲ್ಲ, ಡಿಬೆಂಚರು, ಬಾಂಡು ಅಂತ ಪತ್ರ ಕೊಟ್ಟು ಜನರಿಂದಲೂ ಸಾಲ ಎತ್ತುತ್ತವೆ.

ಪಾಲು ಹಾಗಲ್ಲ. ಹಣ ಹಾಕಿದವರು ಮಾಲೀಕರಲ್ಲಿ ಒಬ್ಬರಾಗುತ್ತಾರೆ. ಅವರಿಗೆ ಬಡ್ಡಿಯಿಲ್ಲ, ಕಂತಿಲ್ಲ. ಲಾಭ ಬಂದರೆ ಪಾಲು, ಬರದಿದ್ದರೆ ಇಲ್ಲ. ಕಂಪನಿ ಮುಚ್ಚಿಹೋದರೆ ಇದ್ದದ್ದನ್ನು ಮಾರಿ ಮೊದಲು ಸಾಲದವರಿಗೆ ಕೊಡಬೇಕು. ಉಳಿದರೆ ಮಾತ್ರ ಪಾಲುದಾರರಿಗೆ. ಇಷ್ಟು ಅಪಾಯ ಹೊತ್ತಿದ್ದಕ್ಕೆ ಅವರಿಗೆ ಸಿಗುವುದು ಮತದಾನದ ಹಕ್ಕು. ಹಾಲಿನ ಡೈರಿಗೆ, ಸೊಸೈಟಿಗೆ ಷೇರು ಹಣ ಕಟ್ಟಿ ಸದಸ್ಯರಾದವರಿಗೆ ಇದು ಹೊಸದಲ್ಲ. ಒಂದೇ ವ್ಯತ್ಯಾಸ: ಸಹಕಾರ ಸಂಘದಲ್ಲಿ ಒಬ್ಬರಿಗೆ ಒಂದೇ ಮತ. ಕಂಪನಿಯಲ್ಲಿ ಷೇರಿನ ಲೆಕ್ಕಕ್ಕೆ ಮತ. ಹೆಚ್ಚು ಹಾಕಿದವರ ಮಾತೇ ಮೇಲು.

ಲೆಕ್ಕ ಹಾಕಿ ನೋಡೋಣ

ಹತ್ತು ಮಂದಿ ತಲಾ 10,000 ರೂ. ಹಾಕಿ 1 ಲಕ್ಷದಲ್ಲಿ ಘಟಕ ನಡೆಸುತ್ತಿದ್ದಾರೆ. ಯಂತ್ರಕ್ಕೆ ಇನ್ನೂ 1 ಲಕ್ಷ ಬೇಕು. ಮೊದಲ ದಾರಿ, ಶೇಕಡಾ 12ರ ಬಡ್ಡಿಗೆ ಸಾಲ. ವರ್ಷಕ್ಕೆ 12,000 ರೂ. ಬಡ್ಡಿ. ಎರಡನೇ ದಾರಿ, ಇನ್ನೂ ಹತ್ತು ಮಂದಿಯನ್ನು ತಲಾ 10,000 ರೂ.ಗೆ ಪಾಲುದಾರರಾಗಿ ಸೇರಿಸಿಕೊಳ್ಳುವುದು.

ಒಳ್ಳೆಯ ವರ್ಷ ಬಂತು, ಬಡ್ಡಿಗೆ ಮೊದಲು 50,000 ರೂ. ಲಾಭ. ಸಾಲದ ದಾರಿಯಲ್ಲಿ ಬಡ್ಡಿ ಕಳೆದು 38,000 ರೂ. ಉಳಿಯಿತು, ಹತ್ತು ಜನಕ್ಕೆ ತಲಾ 3,800. ಪಾಲಿನ ದಾರಿಯಲ್ಲಿ ಇಪ್ಪತ್ತು ಜನ ಹಂಚಿಕೊಳ್ಳಬೇಕು, ತಲಾ 2,500. ಸಾಲವೇ ಲಾಭ ಅನ್ನಿಸುತ್ತದೆ, ಅಲ್ವೇ?

ಈಗ ಕೆಟ್ಟ ವರ್ಷ ನೋಡಿ. ಮಳೆ ಹೆಚ್ಚಾಗಿ ಹಪ್ಪಳ ಒಣಗಲಿಲ್ಲ, ಲಾಭ 8,000 ರೂ. ಮಾತ್ರ. ಪಾಲಿನ ದಾರಿಯವರಿಗೆ ತಲಾ 400 ರೂ. ಆದರೂ ಸಿಕ್ಕಿತು. ಸಾಲದ ದಾರಿಯವರಿಗೆ ಬಡ್ಡಿಗೇ 4,000 ರೂ. ಸಾಲದು, ಒಬ್ಬೊಬ್ಬರೂ ಕೈಯಿಂದ 400 ರೂ. ಹಾಕಬೇಕು. ಅಸಲಿನ ಕಂತು ಇನ್ನೂ ಬೇರೆ.

ಸಾಲದ ಗುಣ ಇದೇ. ಒಳ್ಳೆಯ ದಿನವನ್ನು ಇನ್ನೂ ಒಳ್ಳೆಯದು ಮಾಡುತ್ತದೆ, ಕೆಟ್ಟ ದಿನವನ್ನು ಇನ್ನೂ ಕೆಟ್ಟದ್ದು ಮಾಡುತ್ತದೆ. ಹಾಗಂತ ಪಾಲು ಪುಕ್ಕಟೆಯಲ್ಲ. ಸಾಲ ತೀರಿದ ದಿನ ಯಂತ್ರ ಪೂರ್ತಿ ನಿಮ್ಮದು. ಪಾಲುದಾರರು ಮಾತ್ರ ಕೊನೆವರೆಗೂ ಪಾಲುದಾರರೇ.

ಪಾಲಿನಿಂದ ಬೆಳೆದ ಇನ್ಫೋಸಿಸ್

1981ರಲ್ಲಿ ನಾರಾಯಣ ಮೂರ್ತಿ ಮತ್ತು ಆರು ಮಂದಿ ಸೇರಿ ಪುಣೆಯಲ್ಲಿ ಇನ್ಫೋಸಿಸ್ ಶುರು ಮಾಡಿದರು. ಮೊದಲ ಹಣ ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ ಕೊಟ್ಟ 10,000 ರೂ. ಹೆಣ್ಣುಮಗಳ ಉಳಿತಾಯದ ಬೆಲೆ ನೋಡಿ! 1983ರಲ್ಲಿ ಕಂಪನಿ ಬೆಂಗಳೂರಿಗೆ ಬಂತು. 1993ರಲ್ಲಿ ಷೇರಿಗೆ 95 ರೂ.ನಂತೆ ಸಾರ್ವಜನಿಕರಿಂದ ಪಾಲು ಬಂಡವಾಳ ಕೇಳಿತು. ಆಗ ಎಲ್ಲ ಷೇರುಗಳಿಗೂ ಜನ ಮುಂದೆ ಬರಲಿಲ್ಲ. ಮಾರ್ಗನ್ ಸ್ಟಾನ್ಲಿ ಎಂಬ ವಿದೇಶಿ ಸಂಸ್ಥೆ ದೊಡ್ಡ ಪಾಲು ಕೊಂಡ ಮೇಲೆ ಕೆಲಸ ದಡ ಸೇರಿತು. ಮುಂದೆ ಲಾಭವನ್ನೇ ಮತ್ತೆ ತೊಡಗಿಸುತ್ತಾ ಹೋದರು. ದೊಡ್ಡ ಸಾಲದ ಗೊಡವೆಯೇ ಇಲ್ಲದೆ ಕಂಪನಿ ಬೆಳೆಯಿತು. ಆದರೆ ಕಟ್ಟಿದವರ ಕೈಯಲ್ಲಿ ಕೊನೆಗೆ ಉಳಿದದ್ದು ಕಂಪನಿಯ ಒಂದು ಸಣ್ಣ ಭಾಗ ಮಾತ್ರ. ಪಾಲಿನ ಬೆಲೆ ಅದು.

ಸಾಲ ಭಾರವಾದ ಕಾಫಿ ಡೇ

ಇನ್ನು ಆ ಅಕ್ಕ ಕೇಳಿದ ಕಾಫಿ ಕಂಪನಿ. ಚಿಕ್ಕಮಗಳೂರಿನ ಕಾಫಿ ಬೆಳೆಗಾರ ಮನೆತನದ ವಿ.ಜಿ. ಸಿದ್ಧಾರ್ಥ ಅವರು 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಅಂಗಡಿಗಳು ಊರೂರಿಗೆ ಹಬ್ಬಿದವು. ಪ್ರತಿ ಅಂಗಡಿಗೂ ಬಾಡಿಗೆ, ಯಂತ್ರ, ಸಂಬಳ. ಹಣ ಎರಡೂ ದಾರಿಯಿಂದ ಬಂತು. ಖಾಸಗಿ ಹೂಡಿಕೆದಾರರಿಗೆ ಪಾಲು ಕೊಟ್ಟರು. 2015ರಲ್ಲಿ ಷೇರಿಗೆ 328 ರೂ.ನಂತೆ ಮಾರಿ ಸಾರ್ವಜನಿಕರಿಂದ 1,150 ಕೋಟಿ ರೂ. ಎತ್ತಿದರು, ಅದರಲ್ಲಿ ದೊಡ್ಡ ಪಾಲು ಹಳೆಯ ಸಾಲ ತೀರಿಸುವುದಕ್ಕೇ ಇತ್ತು. ಆದರೂ 2019ರ ಮಾರ್ಚ್ ಹೊತ್ತಿಗೆ ಕಾಫಿ ಡೇ ಸಮೂಹದ ಸಾಲ ಸುಮಾರು 7,200 ಕೋಟಿ ರೂ.

ಆ ವರ್ಷ ಮೈಂಡ್‌ಟ್ರೀ ಕಂಪನಿಯಲ್ಲಿದ್ದ ತಮ್ಮ ಪಾಲನ್ನು ಮಾರಿ ಸಾಲ ಇಳಿಸಲು ನೋಡಿದರು. ಜುಲೈ ಕೊನೆಯಲ್ಲಿ ಸಿದ್ಧಾರ್ಥ ಅವರು ಇನ್ನಿಲ್ಲ ಎಂಬ ಸುದ್ದಿ ಬಂತು. ಅವರ ಹೆಸರಿನಲ್ಲಿ ಹೊರಬಂದ ಪತ್ರದಲ್ಲಿ ಸಾಲ ಕೊಟ್ಟವರ ಒತ್ತಡದ ಮಾತಿತ್ತು. ತಮ್ಮ ಷೇರನ್ನು ವಾಪಸ್ ಕೊಳ್ಳಿ ಎಂದು ಒಬ್ಬ ಹೂಡಿಕೆದಾರರು ಒತ್ತಾಯಿಸುತ್ತಿದ್ದಾರೆ ಎಂದೂ ಇತ್ತು. ಇದನ್ನು ಗಮನಿಸಿ: 'ಮುಂದೆ ವಾಪಸ್ ಕೊಳ್ಳಬೇಕು' ಎಂಬ ಕರಾರಿನ ಮೇಲೆ ಬಂದ ಪಾಲು ಹೆಸರಿಗೆ ಪಾಲು, ನಡತೆಯಲ್ಲಿ ಸಾಲವೇ.

ಒಬ್ಬ ಮನುಷ್ಯನ ಸಾವಿಗೆ ಇದೇ ಕಾರಣ ಅಂತ ಹೊರಗಿನವರು ಹೇಳುವುದು ಸರಿಯಲ್ಲ. ಆದರೆ ಕಂಪನಿಯ ಮುಂದಿನ ದಾರಿಯಿಂದ ಕಲಿಯಬಹುದು. ಬೆಂಗಳೂರಿನ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ಮಾರಿದರು. ನಷ್ಟದ ಅಂಗಡಿಗಳನ್ನು ಮುಚ್ಚಿದರು. 2020ರ ಡಿಸೆಂಬರ್‌ನಲ್ಲಿ ಅವರ ಪತ್ನಿ ಮಾಳವಿಕಾ ಹೆಗ್ಡೆ ಜವಾಬ್ದಾರಿ ವಹಿಸಿಕೊಂಡರು. 2021ರ ಮಾರ್ಚ್ ಹೊತ್ತಿಗೆ ಸಾಲ 2,000 ಕೋಟಿ ರೂ.ಗಿಂತ ಕೆಳಗೆ ಬಂದಿತ್ತು. ಇದ್ದ ಆಸ್ತಿ ಮಾರಿ ಸಾಲ ಇಳಿಸುವುದು ಸುಲಭವಲ್ಲ. ಸಮಯ ಇರುವಾಗಲೇ ಮಾಡಿದರೆ ಒಳ್ಳೆಯ ಬೆಲೆ ಬರುತ್ತದೆ.

ನಮ್ಮ ಸಂಘಕ್ಕೆ ಏನು ಪಾಠ?

ವಾರವಾರ ನಾವು ಕೂಡಿಸುವ ಉಳಿತಾಯ ನಮ್ಮ ಸ್ವಂತ ಬಂಡವಾಳ. ಬ್ಯಾಂಕ್ ಲಿಂಕೇಜ್ ಹಣ ಸಾಲ. 1992ರಲ್ಲಿ ನಬಾರ್ಡ್ ಈ ಯೋಜನೆ ಆರಂಭಿಸಿದಾಗ ಉಳಿತಾಯದ ನಾಲ್ಕು ಪಟ್ಟಿನವರೆಗೆ ಸಾಲ ಅಂತ ಅಳತೆ ಇಟ್ಟಿದ್ದು ಸುಮ್ಮನೆ ಅಲ್ಲ. ಸ್ವಂತ ಹಣ ಎಷ್ಟು, ಸಾಲ ಎಷ್ಟು ಎಂಬ ಲೆಕ್ಕವನ್ನೇ ಕಂಪನಿಗಳಲ್ಲೂ ಬ್ಯಾಂಕಿನವರು ಮೊದಲು ನೋಡುವುದು.

ದೊಡ್ಡ ಸಾಲಕ್ಕೆ ನಿರ್ಣಯ ಬರೆಯುವ ಮುಂಚೆ ಸಭೆಯಲ್ಲಿ ಈ ನಾಲ್ಕು ಪ್ರಶ್ನೆ ಕೇಳಿ:

1. ಈ ಹಣದಿಂದ ಬರುವ ಲಾಭ ಬಡ್ಡಿಗಿಂತ ಹೆಚ್ಚೇ? ಊಹೆ ಬೇಡ, ಕಾಗದದ ಮೇಲೆ ಬರೆದು ನೋಡಿ.

2. ವ್ಯಾಪಾರ ಅರ್ಧಕ್ಕೆ ಇಳಿದರೂ ಕಂತು ಕಟ್ಟಬಹುದೇ?

3. ಐದು ವರ್ಷ ದುಡಿಯುವ ಯಂತ್ರಕ್ಕೆ ಒಂದೇ ವರ್ಷದಲ್ಲಿ ತೀರಿಸುವ ಸಾಲ ತೆಗೆಯುತ್ತಿದ್ದೇವೆಯೇ? ಹಾಗಿದ್ದರೆ ಬೇಡ. ಹಿಟ್ಟು, ಎಣ್ಣೆಗೆ ಕಡಿಮೆ ಅವಧಿಯ ಸಾಲ. ಯಂತ್ರಕ್ಕೆ ದೀರ್ಘ ಅವಧಿಯ ಸಾಲ.

4. ಹಳೆಯ ಸಾಲ ತೀರಿಸಲು ಹೊಸ ಸಾಲ ತೆಗೆಯುತ್ತಿದ್ದೇವೆಯೇ? ಹೌದು ಅಂತಾದರೆ ಅಲ್ಲೇ ನಿಲ್ಲಿ. ಮುಚ್ಚಿಡದೆ ಸಭೆಯಲ್ಲಿ ಹೇಳಿ.

ಸಾಲ ಕೆಟ್ಟದ್ದು ಅಂತ ಹೇಳುತ್ತಿಲ್ಲ. 1959ರಲ್ಲಿ ಮುಂಬೈಯ ಗಿರಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು 80 ರೂ. ಸಾಲ ಮಾಡಿ ಹಪ್ಪಳ ಒತ್ತಲು ಕೂತರು. ಅದೇ ಇವತ್ತಿನ ಲಿಜ್ಜತ್ ಪಾಪಡ್. ಆ ಸಾಲ ತೀರಿತು. ಹಪ್ಪಳ ಒತ್ತುವ ಸಹೋದರಿಯರೇ ಅಲ್ಲಿ ಮಾಲೀಕರು. ಲಾಭವೂ ನಷ್ಟವೂ ಅವರದೇ. ಸಣ್ಣ ಸಾಲ, ದೊಡ್ಡ ದುಡಿಮೆ, ಎಲ್ಲರ ಪಾಲು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಹಿರಿಯರು ಹೇಳಿದ್ದು ಇದಕ್ಕೇ. ಹಾಸಿಗೆ ಉದ್ದ ಮಾಡಿಕೊಳ್ಳಬಾರದು ಅಂತ ಅವರೇನೂ ಹೇಳಲಿಲ್ಲ. ಆದರೆ ಯಾರ ಹಣದಿಂದ, ಯಾವ ಕರಾರಿನ ಮೇಲೆ ಅಂತ ಮೊದಲೇ ತಿಳಿದಿರಲಿ.

ಮುಂದಿನ ವಾರದ ಸಭೆಗೆ ನಿಮ್ಮ ಸಂಘದ ಪಾಸ್ ಪುಸ್ತಕ ಮತ್ತು ಸಾಲದ ಲೆಜರ್ ಎರಡನ್ನೂ ತನ್ನಿ. ಸ್ವಂತ ಹಣ ಎಷ್ಟು, ಸಾಲ ಎಷ್ಟು ಅಂತ ಎಲ್ಲರೂ ಸೇರಿ ಬರೆಯಿರಿ. ಓದು ಬಾರದ ಅಕ್ಕಂದಿರಿಗೆ ಗಟ್ಟಿಯಾಗಿ ಓದಿ ಹೇಳಿ. ಲೆಕ್ಕ ಎಲ್ಲರಿಗೂ ಗೊತ್ತಿದ್ದರೆ ಸಂಘಕ್ಕೆ ಭಯವಿಲ್ಲ.