ಸಮ್ಮತಿ ಕಟ್ಟೆಯ ಮೇಳ

ಪ್ರತಿವರ್ಷ ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಒಂದು ಮದುವೆ. ವರ 12ನೆಯ ಶತಮಾನದ ಶಿವಯೋಗಿ, ವಚನಕಾರ ಸಿದ್ಧರಾಮ. ವಧು ಕುಂಬಾರ ಕನ್ಯೆ. ಆಕೆ ಸಿದ್ಧರಾಮನನ್ನೇ ವರಿಸುವೆನೆಂದು ಹಟ ಹಿಡಿದಳಂತೆ. ಸಂಸಾರ ಒಲ್ಲದ ಯೋಗಿ ತನ್ನ ಯೋಗದಂಡವನ್ನು ಮದುವೆಯಾಗಲು ಒಪ್ಪಿಗೆ ಕೊಟ್ಟನಂತೆ. ಆ ದಂಡದ ಕುರುಹಾಗಿ ಇಂದಿಗೂ ನಂದಿಧ್ವಜಗಳು ಮೆರವಣಿಗೆಯಲ್ಲಿ ಬರುತ್ತವೆ.

ಮೊದಲ ದಿನ ಹಿರೇಹಬ್ಬು ಮನೆತನದವರ ಮನೆಯಿಂದ ಏಳು ನಂದಿಧ್ವಜಗಳು ಹೊರಡುತ್ತವೆ, ಊರ ಸುತ್ತಲಿನ 68 ಲಿಂಗಗಳಿಗೆ ಎಣ್ಣೆಮಜ್ಜನ ನಡೆಯುತ್ತದೆ. ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಆ ಉದ್ದನೆಯ ಕೋಲುಗಳನ್ನು ಸೊಂಟಕ್ಕೆ ಆನಿಸಿ, ಸರದಿಯಂತೆ ಹೊತ್ತು ನಡೆಯುತ್ತಾರೆ. ಒಂದೊಂದು ಧ್ವಜದ ಮಾನ ಒಂದೊಂದು ಮನೆತನಕ್ಕೆ, ಸಮುದಾಯಕ್ಕೆ ಸೇರಿದ್ದು.

ಮರುದಿನ ಸಿದ್ಧೇಶ್ವರ ಗುಡಿಯ ಬಳಿಯ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ. ಅಕ್ಕಲಕೋಟೆ, ಇಂಡಿ, ವಿಜಯಪುರದ ಕಡೆಯ ಕನ್ನಡಿಗರೂ ಮರಾಠಿಗರೂ ಒತ್ತಾಗಿ ನಿಲ್ಲುತ್ತಾರೆ. ಮದುವೆಯ ಒಪ್ಪಿಗೆಯ ಮಾತುಗಳಾದ ಸಮ್ಮತಿಯನ್ನು ಓದುತ್ತಿದ್ದಂತೆ ‘ಸತ್ಯಂ’, ‘ದಿಡ್ಡಂ’ ಎಂಬ ಕೂಗು ಏಳುತ್ತದೆ. ಸಾವಿರಾರು ಕೈಗಳು ಒಮ್ಮೆಲೆ ಅಕ್ಷತೆ ಎರಚುತ್ತವೆ. ಮೂರನೆಯ ದಿನ ಹೋಮ. ಕುಂಬಾರ ಕನ್ಯೆ ಅಗ್ನಿ ಸೇರಿದ್ದರ ನೆನಪು ಅದು. ಮದುವೆಯ ಮಗ್ಗುಲಲ್ಲೇ ಚಿತೆಯನ್ನಿಟ್ಟ ಈ ಕಥೆ ರುದ್ರನಾಟಕದ್ದೇ.

ಗ್ರೀಕರ ರುದ್ರನಾಟಕವೂ ಹಬ್ಬದ ಭಾಗವಾಗಿತ್ತು. ಅಥೆನ್ಸಿನಲ್ಲಿ ಡಯೊನೀಸಸ್ ದೇವರ ಉತ್ಸವದಲ್ಲಿ ಮೆರವಣಿಗೆ, ಬಲಿ ಎಲ್ಲ ಇದ್ದವು. ಅದೇ ಉತ್ಸವದಲ್ಲಿ ನಾಟಕಗಳ ಸ್ಪರ್ಧೆಯೂ ನಡೆಯುತ್ತಿತ್ತು. ನಾಟಕಕಾರ ಸೊಫೊಕ್ಲಿಸನ ನಾಟಕಗಳ ಮೇಳದಲ್ಲಿ, ಅಂದರೆ ಕೋರಸ್ಸಿನಲ್ಲಿ, 15 ಜನ. ಅವರು ವೃತ್ತಿನಟರಲ್ಲ, ಅಭ್ಯಾಸ ಮಾಡಿ ಬಂದ ಊರ ನಾಗರಿಕರು. ಹಾಡಿ ಕುಣಿದು, ನಾಯಕನ ಪಾಡಿಗೆ ಮರುಗಿ, ಎಚ್ಚರಿಸಿ, ಊರಿನ ಪರವಾಗಿ ಸಾಕ್ಷಿಯಾಗುತ್ತಿದ್ದರು. ಸೊಫೊಕ್ಲಿಸನ ‘ಅಯಾಸ್’ ನಾಟಕವನ್ನು ಆಧರಿಸಿ ಬಿಎಂಶ್ರೀ ‘ಅಶ್ವತ್ಥಾಮನ್’ ಬರೆದಾಗ ಕನ್ನಡದ ಓದುಗರಿಗೂ ಈ ಮೇಳದ ಪರಿಚಯವಾಯಿತು.

ಸೊಲ್ಲಾಪುರದ ಆಚರಣೆಗೂ ಅಥೆನ್ಸಿಗೂ ನೆಂಟಸ್ತಿಕೆ ಇಲ್ಲ. ಆದರೂ ಮೇಳವೆಂಬುದು ನಾಟಕಕ್ಕೆ ಯಾಕೆ ಬೇಕಿತ್ತು ಎಂಬುದನ್ನು ಸಮ್ಮತಿ ಕಟ್ಟೆ ಪುಸ್ತಕಗಳಿಗಿಂತ ಚೆನ್ನಾಗಿ ತಿಳಿಸುತ್ತದೆ. ಒಬ್ಬ ಹುಡುಗಿಯ ಬಯಕೆ, ಒಬ್ಬ ಯೋಗಿಯ ನಿರಾಕರಣೆ ಅವರಿಬ್ಬರ ಪಾಲಿಗಷ್ಟೇ ಉಳಿದಿದ್ದರೆ ಎಂದೋ ಮರೆತುಹೋಗುತ್ತಿತ್ತು. ಊರು ಅದಕ್ಕೆ ದನಿಗೂಡಿಸಿದ್ದರಿಂದ ಅದು ಊರಿನದೇ ಕಥೆಯಾಯಿತು. ಅಥೆನ್ಸಿನಲ್ಲಿ ಊರಿನ ಪರವಾಗಿ ಕೆಲವರು ಹಾಡಿದರು, ಉಳಿದವರು ಕೂತು ನೋಡಿದರು. ಇಲ್ಲಿ ನೋಡಲು ಬಂದವರ ಕೈಯಲ್ಲೂ ಅಕ್ಷತೆ ಇರುತ್ತದೆ. ಅದನ್ನು ಎರಚಿದ ಮೇಲೆ ಯಾರೂ ಬರಿಯ ಪ್ರೇಕ್ಷಕರಲ್ಲ.