ಬೆಂಗಳೂರಿನ ಸೀಟಿಗೆ ಹಳ್ಳಿ ಶಾಲೆಯ ಮುದ್ರೆ

ಹಾವೇರಿ: ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದು ಸಿಇಟಿ ರ‍್ಯಾಂಕ್‌ಗಾಗಿ ಕಾಯುವ ದಿನಗಳಲ್ಲಿ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಅನೇಕ ಮನೆಗಳಲ್ಲಿ ಚರ್ಚೆಗೆ ಬರುವ ವಿಷಯ ಒಂದೇ. ಮಗನನ್ನೋ ಮಗಳನ್ನೋ ಬೆಂಗಳೂರಿಗೆ ಕಳುಹಿಸುವುದೇ, ಹುಬ್ಬಳ್ಳಿ-ಧಾರವಾಡದಲ್ಲೇ ಓದಿಸುವುದೇ? ಕಳುಹಿಸುವುದಾದರೆ ಅಲ್ಲಿ ಸೀಟು ಸಿಗುವ ಸಂಭವವೆಷ್ಟು? ಉತ್ತರವನ್ನು ಎಲ್ಲರೂ ರ‍್ಯಾಂಕ್ ಪಟ್ಟಿಯಲ್ಲಿ ಹುಡುಕುತ್ತಾರೆ. ಆದರೆ ಅದರ ಒಂದು ಭಾಗ ವಿದ್ಯಾರ್ಥಿ ಒಂದನೇ ತರಗತಿಗೆ ಸೇರಿದ ದಿನದಿಂದಲೇ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಸಿದ್ಧವಾಗುತ್ತ ಬಂದಿರುತ್ತದೆ. ಬಹುತೇಕ ಪಾಲಕರಿಗೆ ಇದು ತಿಳಿಯುವುದು ಅರ್ಜಿ ತುಂಬುವ ಹೊತ್ತಿಗೆ.

ಮೊದಲು ರ‍್ಯಾಂಕ್ ಲೆಕ್ಕವನ್ನೇ ನೋಡಬಹುದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಅಂಕ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಎಂಜಿನಿಯರಿಂಗ್ ರ‍್ಯಾಂಕ್ ನಿರ್ಧರಿಸುವಾಗ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಪಿಯುಸಿ ಅಂಕಕ್ಕೆ ಶೇ. 50, ಸಿಇಟಿ ಅಂಕಕ್ಕೆ ಶೇ. 50ರ ತೂಕ. ಹೀಗಾಗಿ ಸಿಇಟಿ ತರಬೇತಿಯ ಭರಾಟೆಯಲ್ಲಿ ವಾರ್ಷಿಕ ಪರೀಕ್ಷೆಯನ್ನು ಕಡೆಗಣಿಸಿದವರು ಅರ್ಧ ಆಟವನ್ನು ಮೊದಲೇ ಬಿಟ್ಟುಕೊಟ್ಟಂತೆ. ಕೋಚಿಂಗ್ ಕೇಂದ್ರಗಳ ಸೌಲಭ್ಯವಿಲ್ಲದೆ ತಾಲೂಕಿನ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಓದಿದವರಿಗೆ ಈ ಸೂತ್ರ ಅಷ್ಟಿಷ್ಟು ಅನುಕೂಲಕರವೇ. ವೈದ್ಯಕೀಯಕ್ಕೆ ಮಾತ್ರ ನೀಟ್ ಅಂಕವೇ ಆಧಾರ. ಅಲ್ಲಿ ಪಿಯುಸಿ ಅಂಕ ಅರ್ಹತೆಗಷ್ಟೇ ಸಾಕು.

ಹಳ್ಳಿ, ಪಟ್ಟಣದ ಗೆರೆ

ರ‍್ಯಾಂಕ್ ಒಂದೇ ಆದರೂ ಇಬ್ಬರು ವಿದ್ಯಾರ್ಥಿಗಳ ಅವಕಾಶ ಒಂದೇ ಆಗಿರುವುದಿಲ್ಲ. ಪ್ರಾಧಿಕಾರದ ಮೂಲಕ ಹಂಚಿಕೆಯಾಗುವ ಸೀಟುಗಳಲ್ಲಿ ಪ್ರತಿ ಪ್ರವರ್ಗದ ಒಳಗೂ ಶೇ. 15ರಷ್ಟು ಗ್ರಾಮೀಣ ಅಭ್ಯರ್ಥಿಗಳಿಗೆ, ಶೇ. 5ರಷ್ಟು ಕನ್ನಡ ಮಾಧ್ಯಮದವರಿಗೆ ಮೀಸಲು. ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ಣ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರು ಗ್ರಾಮೀಣ ಮೀಸಲಾತಿಗೆ ಅರ್ಹರು. ಹತ್ತೂ ವರ್ಷ ಕನ್ನಡದಲ್ಲಿ ಓದಿದವರು ಎರಡನೆಯದಕ್ಕೆ. ಎರಡಕ್ಕೂ ಅರ್ಹರಾದವರು ಎರಡನ್ನೂ ಕೋರಬಹುದು. ಕಟ್-ಆಫ್ ಪಟ್ಟಿಗಳಲ್ಲಿ ಪ್ರವರ್ಗದ ಹೆಸರಿನ ಮುಂದೆ ಕಾಣುವ ‘ಆರ್’ ಮತ್ತು ‘ಕೆ’ ಅಕ್ಷರಗಳ ಅರ್ಥ ಇದೇ.

ತೊಡಕಿರುವುದು ‘ಗ್ರಾಮೀಣ’ ಎಂಬ ಪದದ ವ್ಯಾಖ್ಯೆಯಲ್ಲಿ. ಬೆಂಗಳೂರಿನವರ ಕಣ್ಣಿಗೆ ಹಾನಗಲ್ಲ, ಸವಣೂರುಗಳೆರಡೂ ಹಳ್ಳಿಯಂತೆಯೇ ಕಂಡಾವು. ಕಾನೂನಿನ ಕಣ್ಣಿಗೆ ಹಾಗಲ್ಲ. ದೊಡ್ಡ ನಗರ, ಚಿಕ್ಕ ನಗರ ಮಾತ್ರವಲ್ಲದೆ ಹಳ್ಳಿಯಿಂದ ಪಟ್ಟಣವಾಗಿ ಮಾರ್ಪಡುತ್ತಿರುವ ಪ್ರದೇಶವೂ ಗ್ರಾಮೀಣ ಎನಿಸಿಕೊಳ್ಳುವುದಿಲ್ಲ. ಹಾನಗಲ್ಲ, ಸವಣೂರು, ಶಿಗ್ಗಾಂವಿಗಳಲ್ಲಿ ಪುರಸಭೆಯಿದೆ. ಹಿರೇಕೆರೂರಿನಲ್ಲಿ ಪಟ್ಟಣ ಪಂಚಾಯಿತಿಯಿದೆ. ಅಂದರೆ ನಾಲ್ಕೂ ತಾಲೂಕು ಕೇಂದ್ರಗಳು ಈ ಮೀಸಲಾತಿಯ ಗೆರೆಯಾಚೆ.

ಉದಾಹರಣೆಗೆ, ಹಿರೇಕೆರೂರು ತಾಲೂಕಿನ ಹಳ್ಳಿಯೊಂದರ ರೈತರು ಮಗಳನ್ನು ಏಳನೇ ತರಗತಿಯವರೆಗೆ ಊರ ಶಾಲೆಯಲ್ಲಿ ಓದಿಸಿ, ‘ಚೆನ್ನಾಗಿ ಓದಲಿ’ ಎಂದು ಎಂಟನೆಯದಕ್ಕೆ ಹಿರೇಕೆರೂರಿನ ಆಂಗ್ಲ ಮಾಧ್ಯಮ ಶಾಲೆಗೆ ಸೇರಿಸಿದರೆಂದುಕೊಳ್ಳೋಣ. ಆಕೆ ಹಳ್ಳಿಯ ಮನೆಯಿಂದಲೇ ದಿನವೂ ಬಸ್ಸಿನಲ್ಲಿ ಓಡಾಡಿದರೂ ಗ್ರಾಮೀಣ ಮೀಸಲಾತಿ ತಪ್ಪಿತು, ಕನ್ನಡ ಮಾಧ್ಯಮದ ಮೀಸಲಾತಿಯೂ ತಪ್ಪಿತು. ಅದೇ ಊರಿನ ಮತ್ತೊಬ್ಬ ಹುಡುಗಿ ಹತ್ತಿರದ ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡದಲ್ಲೇ ಎಸ್‌ಎಸ್‌ಎಲ್‌ಸಿ ಮುಗಿಸಿದ್ದರೆ ಎರಡೂ ಉಳಿಯುತ್ತವೆ. ಗಣನೆಗೆ ಬರುವುದು ಮನೆಯ ವಿಳಾಸವಲ್ಲ, ಶಾಲೆಯ ವಿಳಾಸ. ಮಗುವಿನ ಶಾಲೆಯನ್ನು ಕೇವಲ ಮೀಸಲಾತಿಗಾಗಿ ಆರಿಸಬೇಕೆಂದು ಇದರ ಅರ್ಥವಲ್ಲ. ಆದರೆ ನಿರ್ಧಾರ ಕೈಗೊಳ್ಳುವಾಗ ಏನನ್ನು ಬಿಟ್ಟುಕೊಡುತ್ತಿದ್ದೇವೆಂಬ ಅರಿವಾದರೂ ಪಾಲಕರಿಗೆ ಇರಬೇಕಿತ್ತು. ಎಂಟನೇ ತರಗತಿಯ ಪ್ರವೇಶದ ವೇಳೆ ಈ ಮಾತನ್ನು ಅವರಿಗೆ ಹೇಳುವವರು ವಿರಳ.

ಅರ್ಹತೆಯಿದ್ದೂ ಕಳೆದುಕೊಳ್ಳುವವರ ಕಥೆ ಬೇರೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಮೂರು ಶಾಲೆಗಳಲ್ಲಿ ಓದಿದ್ದರೆ ಮೂರೂ ಕಡೆ ಅಲೆಯಬೇಕು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಬೇಕು. ಅದರಲ್ಲಿನ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಹೊಂದಿಕೆಯಾಗದಿದ್ದರೆ ಮತ್ತೆ ನಾಡಕಚೇರಿಯ ಮೆಟ್ಟಿಲು. ಇನಿಷಿಯಲ್ಸ್ ಹಿಂದೆ ಮುಂದಾಗಿರುವುದು, ಅಡ್ಡಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದಿರುವುದು ಈ ಭಾಗದ ದಾಖಲೆಗಳಲ್ಲಿ ಸಾಮಾನ್ಯ ಸಂಗತಿ. ಇವನ್ನು ಸರಿಪಡಿಸಿಕೊಳ್ಳಲು ಸೂಕ್ತ ಸಮಯ ಪ್ರಥಮ ಪಿಯುಸಿಯೇ ಹೊರತು ದಾಖಲೆ ಪರಿಶೀಲನೆಯ ಹಿಂದಿನ ದಿನವಲ್ಲ.

ಇನ್ನೊಂದು ತಪ್ಪು ಕಲ್ಪನೆಯೂ ಪ್ರಚಲಿತದಲ್ಲಿದೆ. ಉತ್ತರ ಕರ್ನಾಟಕದವರಿಗೆಲ್ಲ 371 ಜೆ ಸೌಲಭ್ಯವಿದೆ ಎಂದು ಕೆಲವರು ನಂಬಿದ್ದಾರೆ. ಅದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸೀಮಿತ. ತುಂಗಭದ್ರೆಯ ಆಚೆ ದಡದ ಹೂವಿನಹಡಗಲಿಯ ವಿದ್ಯಾರ್ಥಿಗೆ ಬೆಂಗಳೂರಿನ ಕಾಲೇಜುಗಳಲ್ಲೂ ಶೇ. 8ರ ಪಾಲಿದೆ, ಈಚೆ ದಡದ ಹಾವೇರಿ ಜಿಲ್ಲೆ 2021ರಲ್ಲಿ ಕಿತ್ತೂರು ಕರ್ನಾಟಕವೆಂದು ಮರುನಾಮಕರಣಗೊಂಡ ಹಳೆಯ ಮುಂಬಯಿ ಕರ್ನಾಟಕಕ್ಕೆ ಸೇರಿದ್ದರಿಂದ ಇಲ್ಲಿಯವರಿಗೆ ಅದಿಲ್ಲ. ನೆರೆಯವರ ಕಟ್-ಆಫ್ ನೋಡಿ ಆಸೆಪಟ್ಟವರಿಗೆ ನಿರಾಸೆ ಖಚಿತ.

ರಾಜಧಾನಿಯಲ್ಲಿ ಏನಿದೆ?

ಬೆಂಗಳೂರಿನ ಕಾಲೇಜುಗಳ ಸೀಟುಗಳೆಲ್ಲ ಸಿಇಟಿಗೆ ಸಿಗುವುದಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳಲ್ಲದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ. 45 ಸರ್ಕಾರಿ ಕೋಟಾ, ಶೇ. 30 ಕಾಮೆಡ್-ಕೆ, ಉಳಿದ ಶೇ. 25 ಆಡಳಿತ ಮಂಡಳಿ ಹಾಗೂ ಅನಿವಾಸಿ ಭಾರತೀಯರ ಪಾಲು. ಕಾಮೆಡ್-ಕೆ ಪರೀಕ್ಷೆಯನ್ನು ದೇಶದ ಯಾವ ಮೂಲೆಯವರೂ ಬರೆಯಬಹುದು. ಶುಲ್ಕ ಸರ್ಕಾರಿ ಸೀಟಿಗಿಂತ ಬಹಳ ಹೆಚ್ಚು. ಮುಂಚೂಣಿ ಕಾಲೇಜುಗಳ ಕಂಪ್ಯೂಟರ್ ಸೈನ್ಸ್ ಸೀಟುಗಳು ಸಾಮಾನ್ಯ ವರ್ಗದಲ್ಲಿ ಮೇಲಿನ ರ‍್ಯಾಂಕ್‌ಗಳಲ್ಲೇ ಮುಗಿದುಹೋಗುತ್ತವೆ. ಅದೇ ಕಾಲೇಜಿನ ಸಿವಿಲ್, ಮೆಕ್ಯಾನಿಕಲ್ ವಿಭಾಗಗಳ ಸೀಟು ಬಹಳ ಕೆಳಗಿನ ರ‍್ಯಾಂಕ್‌ಗೂ ದಕ್ಕುತ್ತದೆ.

ಹಣದ ಅಡಚಣೆಯಿರುವವರು ಮರೆಯಬಾರದ ಎರಡು ಹೆಸರುಗಳಿವೆ: 1917ರಲ್ಲಿ ಸ್ಥಾಪನೆಯಾಗಿ, 2021ರ ಕಾಯ್ದೆಯ ಮೂಲಕ ಸ್ವತಂತ್ರ ವಿಶ್ವವಿದ್ಯಾಲಯದ ಸ್ವರೂಪ ಪಡೆದ ಯುವಿಸಿಇ, ಮತ್ತು 1938ರ ಶ್ರೀ ಕೃಷ್ಣರಾಜೇಂದ್ರ ರಜತ ಮಹೋತ್ಸವ ತಾಂತ್ರಿಕ ಸಂಸ್ಥೆ. ಎರಡೂ ಕೆ.ಆರ್. ವೃತ್ತದ ಆಸುಪಾಸಿನಲ್ಲಿವೆ. ಖಾಸಗಿ ಕಾಲೇಜುಗಳಲ್ಲೂ ಶೇ. 5ರಷ್ಟು ಹೆಚ್ಚುವರಿ ಸೀಟುಗಳು ಎಸ್‌ಎನ್‌ಕ್ಯೂ ಹೆಸರಿನಲ್ಲಿವೆ. ಕುಟುಂಬದ ವಾರ್ಷಿಕ ವರಮಾನ 8 ಲಕ್ಷ ರೂ. ಮೀರದಿದ್ದರೆ ಬೋಧನಾ ಶುಲ್ಕವಿಲ್ಲ. ಜಾತಿಯ ಗೊಡವೆಯಿಲ್ಲದ ಈ ಸೌಲಭ್ಯವನ್ನು ಆದಾಯ ಪ್ರಮಾಣಪತ್ರ ಸಕಾಲದಲ್ಲಿ ಇಲ್ಲದ ಕಾರಣಕ್ಕೇ ಕಳೆದುಕೊಳ್ಳುವ ಸಾಧ್ಯತೆ ಇದೆ.

ಶುಲ್ಕಕ್ಕಿಂತ ದೊಡ್ಡ ಪ್ರಶ್ನೆ ವಸತಿಯದು. ಬೆಂಗಳೂರಿನ ಪಿ.ಜಿ. ವಸತಿಯ ವರ್ಷದ ಖರ್ಚು ಎಷ್ಟೋ ಬಾರಿ ಸರ್ಕಾರಿ ಸೀಟಿನ ಶುಲ್ಕಕ್ಕೆ ಸಮನಾಗಿರುತ್ತದೆ, ಮೀರುವುದೂ ಉಂಟು. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ರೂಪಿಸಿದ ವಿದ್ಯಾಸಿರಿ ಯೋಜನೆಯಡಿ ನಿಗದಿಯಾದದ್ದು ತಿಂಗಳಿಗೆ 1,500 ರೂ.ಗಳಂತೆ ಹತ್ತು ತಿಂಗಳಿಗೆ 15,000 ರೂ. ರಾಜಧಾನಿಯಲ್ಲಿ ಅದು ಎಷ್ಟರ ಮಟ್ಟಿಗೆ ಸಾಕಾದೀತೆಂಬುದನ್ನು ವಿವರಿಸಬೇಕಿಲ್ಲ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಎಂಬಿಬಿಎಸ್, ಬಿ.ಇ. ಕೋರ್ಸಿನ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ರೂ. ಘೋಷಣೆಯಾಗಿತ್ತು. ಆದ್ದರಿಂದ ಸೀಟು ಸಿಕ್ಕ ಕೂಡಲೇ ಸರ್ಕಾರಿ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕುವುದು, ಸಮುದಾಯಗಳ ಉಚಿತ ಪ್ರಸಾದ ನಿಲಯಗಳನ್ನು ವಿಚಾರಿಸುವುದು ಅನಿವಾರ್ಯ.

ಮನೆಯ ಹತ್ತಿರ ಏನಿದೆ?

ಬೆಂಗಳೂರು ಈ ತಾಲೂಕುಗಳ ರಾಜಧಾನಿಯಾದದ್ದೇ 1956ರ ನಂತರ. ಅದಕ್ಕೂ ಮೊದಲು ಇವು ಮುಂಬಯಿ ಪ್ರಾಂತ್ಯದಲ್ಲಿದ್ದವು. ಸವಣೂರಂತೂ 1948ರವರೆಗೆ ನವಾಬರ ಸಂಸ್ಥಾನ. ಅಂದಿನ ಬುದ್ಧಿವಂತ ಹುಡುಗರು ನೋಡುತ್ತಿದ್ದುದು 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿನ ಕಡೆಗೆ. ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿ.ಕೃ. ಗೋಕಾಕರು ಓದಿದ್ದು ಅಲ್ಲಿ, ಬಳಿಕ ಆಕ್ಸ್‌ಫರ್ಡ್‌ನಲ್ಲಿ. ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಅವರು 1960ರ ದಶಕದಲ್ಲಿ ಬಂದದ್ದು ಕುಲಪತಿಯಾಗಿ.

1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಚಿತ್ರ ಬದಲಾಗಿದೆ. ದೇವಗಿರಿಯಲ್ಲಿ 2007ರಿಂದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಹಾವೇರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2022ರಲ್ಲಿ 150 ಸೀಟುಗಳೊಂದಿಗೆ ಆರಂಭವಾಯಿತು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಬಂತು. ಶಿಗ್ಗಾಂವಿಯವರಿಗೆ ಹುಬ್ಬಳ್ಳಿ ಒಂದು ತಾಸಿನ ಹಾದಿ. ಅಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಹಾಗೂ ರಾಜ್ಯ ಕಾನೂನು ವಿಶ್ವವಿದ್ಯಾಲಯಗಳಿವೆ. ಹಿರೇಕೆರೂರಿನವರಿಗೆ ದಾವಣಗೆರೆ, ಶಿವಮೊಗ್ಗಗಳೇ ಸಮೀಪ; ದಾವಣಗೆರೆಯ ಯುಬಿಡಿಟಿ ಕಾಲೇಜು 1951ರಷ್ಟು ಹಳೆಯದು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ಹುಡುಗಿಯರಿಗೆ ಈ ಊರುಗಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಹೋಗಿಬರುವ ಖರ್ಚೂ ತಪ್ಪಿದೆ.

ಹಾಗಾದರೆ ಸುಮಾರು 340 ಕಿ.ಮೀ. ದೂರದ ಬೆಂಗಳೂರು ಏಕೆ? ಉದ್ಯೋಗದಾತ ಕಂಪನಿಗಳು ಅಲ್ಲಿವೆ, ಓದುತ್ತಿರುವಾಗಲೇ ಇಂಟರ್ನ್‌ಶಿಪ್ ಸಿಗುತ್ತದೆ ಎಂಬ ವಾದದಲ್ಲಿ ಹುರುಳಿದೆ, ವಿಶೇಷವಾಗಿ ಕಂಪ್ಯೂಟರ್ ಸಂಬಂಧಿತ ವಿಷಯಗಳಲ್ಲಿ. ಆದರೆ ಈ ಮಾತು ಒಳ್ಳೆಯ ಕಾಲೇಜುಗಳಿಗಷ್ಟೇ ಅನ್ವಯ. ಹೊರವರ್ತುಲ ರಸ್ತೆಯಾಚೆ, ಅರ್ಧ ಸೀಟೂ ತುಂಬದ ಕಾಲೇಜಿಗೆ ಪಿನ್‌ಕೋಡ್ ಬೆಂಗಳೂರಿನದೆಂಬ ಕಾರಣಕ್ಕೆ ಸೇರಿ, ಹುಬ್ಬಳ್ಳಿಯ ಉತ್ತಮ ಕಾಲೇಜನ್ನು ಬಿಡುವುದು ಜಾಣತನವಲ್ಲ.

ರೈತರ ಮಕ್ಕಳು ಕೃಷಿ ಪದವಿಯನ್ನೂ ಪರಿಗಣಿಸಬೇಕು. ಇಲ್ಲಿ ಕೃಷಿಕರ ಮಕ್ಕಳಿಗಿದ್ದ ಶೇ. 40ರ ಮೀಸಲಾತಿಯನ್ನು 2021ರಲ್ಲಿ ಶೇ. 50ಕ್ಕೆ ಏರಿಸಲಾಯಿತು, ಆಗ ಕೃಷಿ ಸಚಿವರಾಗಿದ್ದವರು ಹಿರೇಕೆರೂರಿನ ಶಾಸಕರಾಗಿದ್ದ ಬಿ.ಸಿ. ಪಾಟೀಲ. ಈ ಕೋಟಾಕ್ಕೆ ಬೀಜ, ಗೊಬ್ಬರ, ಕೃಷಿ ಉಪಕರಣಗಳ ಪರಿಚಯವನ್ನು ಒರೆಗೆ ಹಚ್ಚುವ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಕೂರಿಗೆ, ಕುಂಟೆ ಹಿಡಿದು ಬೆಳೆದವರಿಗೆ ಅದು ಕಷ್ಟವಲ್ಲ. ಬೆಂಗಳೂರಿನ ಜಿಕೆವಿಕೆಗೂ ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿ ಕೃಷಿ ಕಾಲೇಜಿಗೂ ಹಂಚಿಕೆಯಾಗುವುದು ಅದೇ ರ‍್ಯಾಂಕ್ ಪಟ್ಟಿಯಿಂದ.

ಇಚ್ಛೆಗಳ ಸರದಿ

ಉಳಿದದ್ದು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಆದ್ಯತೆಯಂತೆ ನಮೂದಿಸುವ ಕ್ರಮ. ಗಣಕಯಂತ್ರ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರ ಸರದಿ ಬಂದಾಗ ಅವರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತ, ಲಭ್ಯವಿರುವ ಮೊದಲ ಸೀಟನ್ನು ಕೊಟ್ಟು ನಿಲ್ಲುತ್ತದೆ. ‘ಖಂಡಿತ ಸಿಗುವುದನ್ನು ಮೊದಲು ಬರೆಯೋಣ’ ಎಂಬುದು ತಾಲೂಕಿನ ಸೈಬರ್ ಕೇಂದ್ರಗಳಲ್ಲಿ ಕೇಳಿಬರುವ ಸಲಹೆ. ಇದಕ್ಕಿಂತ ಹಾನಿಕರವಾದದ್ದು ಇನ್ನೊಂದಿಲ್ಲ. ಹಾಗೆ ಬರೆದವರಿಗೆ ಆ ಖಂಡಿತದ ಸೀಟೇ ಸಿಗುತ್ತದೆ. ರ‍್ಯಾಂಕ್‌ಗೆ ದಕ್ಕಬಹುದಾಗಿದ್ದ ಉತ್ತಮ ಸೀಟು ಹಿಂದಿನವರ ಪಾಲಾಗುತ್ತದೆ. ನಿಲುಕದ ಕಾಲೇಜನ್ನು ಮೇಲೆ ಬರೆದರೆ ನಷ್ಟವೇನೂ ಇಲ್ಲ. ಸೇರಲು ಮನಸ್ಸೇ ಇಲ್ಲದ ಕಾಲೇಜನ್ನು ಮಾತ್ರ ಎಲ್ಲಿಯೂ ಬರೆಯಬಾರದು. ಹಿಂದಿನ ವರ್ಷದ ಕಟ್-ಆಫ್ ನೋಡುವಾಗ ತಮ್ಮ ಪ್ರವರ್ಗದ ಕಾಲಂ ಜತೆಗೆ ಅದು ಎಷ್ಟನೇ ಸುತ್ತಿನದೆಂಬುದನ್ನೂ ಗಮನಿಸಬೇಕು. ಮೊದಲ ಸುತ್ತಿಗೂ ಕೊನೆಯ ಸುತ್ತಿಗೂ ವ್ಯತ್ಯಾಸ ಸಾವಿರಾರು ರ‍್ಯಾಂಕ್‌ಗಳಷ್ಟಿರಬಹುದು.

ಅಣಕು ಹಂಚಿಕೆ ಕೇವಲ ಸೂಚಕ; ಅದನ್ನು ನೋಡಿ ಸರದಿಯನ್ನು ತಿದ್ದಿಕೊಳ್ಳಬಹುದು. ನಿಜವಾದ ಹಂಚಿಕೆಯ ನಂತರ ನಾಲ್ಕು ಛಾಯ್ಸ್‌ಗಳಿರುತ್ತವೆ. ಒಂದನೆಯದು ಸೀಟು ಒಪ್ಪಿ ಕಾಲೇಜಿಗೆ ಸೇರುವುದು, ಎರಡನೆಯದು ಸೀಟನ್ನು ಉಳಿಸಿಕೊಂಡು ಮೇಲಿನ ಇಚ್ಛೆಗಾಗಿ ಮುಂದಿನ ಸುತ್ತಿಗೆ ಕಾಯುವುದು, ಮೂರನೆಯದು ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಹೊರನಡೆಯುವುದು. ಎರಡನೆಯದನ್ನು ಆರಿಸಿ ಮೇಲಿನ ಸೀಟು ದೊರೆತರೆ ಹಿಂದಿನದು ತಾನಾಗಿಯೇ ರದ್ದಾಗುತ್ತದೆಂಬುದು ತಿಳಿದಿರಲಿ. ಶುಲ್ಕ ಪಾವತಿಯ ನಿಯಮ ಬದಲಾಗುತ್ತಿರುವುದರಿಂದ ಆಯಾ ವರ್ಷದ ಮಾಹಿತಿ ಪುಸ್ತಿಕೆಯೇ ಪ್ರಮಾಣ.

ಕೊನೆಯ ಸುತ್ತಿನಲ್ಲಿ ಎಚ್ಚರ ಹೆಚ್ಚು ಬೇಕು. ಖಾಸಗಿ ಕಾಲೇಜಿನ ಸರ್ಕಾರಿ ಸೀಟು ತುಂಬದೆ ಉಳಿದರೆ ಅದು ಆಡಳಿತ ಮಂಡಳಿಯ ಕೈಸೇರುತ್ತದೆ. ಸೇರುವ ಉದ್ದೇಶವಿಲ್ಲದವರ ಹೆಸರಿನಲ್ಲಿ ಬೇಡಿಕೆಯ ಸೀಟು ಹಿಡಿದಿಟ್ಟು ಕೊನೆಗೆ ಬಿಡಿಸುವ ಸೀಟ್ ಬ್ಲಾಕಿಂಗ್ ದಂಧೆ ನಡೆಯುವುದು ಇದಕ್ಕಾಗಿಯೇ. 2024ರ ನವೆಂಬರ್‌ನಲ್ಲಿ ಪ್ರಾಧಿಕಾರದ ದೂರಿನ ಮೇಲೆ ಬೆಂಗಳೂರಿನ ಮಲ್ಲೇಶ್ವರ ಠಾಣೆಯಲ್ಲಿ ಪ್ರಕರಣ ದಾಖಲಾಗಿ ಬಂಧನಗಳೂ ನಡೆದವು. 2025ರ ಜೂನ್‌ನಲ್ಲಿ ಜಾರಿ ನಿರ್ದೇಶನಾಲಯ ಶೋಧ ಕೈಗೊಂಡಿತು. ಈ ದಂಧೆಗೆ ಬಳಕೆಯಾದದ್ದು ಬೇರೆ ವಿದ್ಯಾರ್ಥಿಗಳ ಲಾಗಿನ್ ವಿವರಗಳು. ಹೀಗಾಗಿ ‘ನಾನೇ ಆಪ್ಷನ್ ತುಂಬಿಕೊಡುತ್ತೇನೆ’ ಎನ್ನುವ ಮಧ್ಯವರ್ತಿಗಾಗಲಿ, ಸೈಬರ್ ಕೇಂದ್ರದವರಿಗಾಗಲಿ ಪಾಸ್‌ವರ್ಡ್ ಬರೆದುಕೊಟ್ಟು ಬರಬಾರದು. ಸಿಇಟಿ ಬರೆದು ಬೇರೆ ಕೋರ್ಸಿಗೆ ಸೇರಿದವರು ಕೂಡ ತಮ್ಮ ಖಾತೆ ತಮಗಿನ್ನು ಬೇಡವೆಂದು ಅದನ್ನು ಪರರ ಕೈಗೆ ಬಿಡುವಂತಿಲ್ಲ.