ಪ್ರೆಷರ್ ಟ್ಯಾಂಕಿನೊಳಗಿನ ಗಾಳಿ

ಬಾವಿಕಟ್ಟೆಯ ಪಕ್ಕದ ಪಂಪ್‌ಶೆಡ್ಡಿನಲ್ಲೋ ತಾರಸಿಯ ಮೂಲೆಯಲ್ಲೋ ಗುಂಡನೆಯ ಉಕ್ಕಿನ ಟ್ಯಾಂಕೊಂದು ಈಗ ಎಷ್ಟೋ ಮನೆಗಳಲ್ಲಿ ಕಾಣುತ್ತದೆ. ಪಕ್ಕದಲ್ಲಿ ಮುಳ್ಳಿನ ಮೀಟರು, ಅಂಗೈಯಗಲದ ಒಂದು ಕಪ್ಪು ಡಬ್ಬಿ. ನಲ್ಲಿ ತಿರುಗಿಸಿದರೆ ನೀರು ರಭಸದಿಂದ ಬರುತ್ತದೆ, ಮುಚ್ಚಿದರೆ ಸ್ವಲ್ಪ ಹೊತ್ತಿಗೆ ಪಂಪು ತಾನೇ ನಿಲ್ಲುತ್ತದೆ. ಪ್ಲಂಬರ್ ಜೋಡಿಸಿ ಹೋದ ಮೇಲೆ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕುಕ್ಕರಿನ ಸೇಫ್ಟಿ ವಾಲ್ವಿಗೆ ನಾವು ಕೊಡುವ ಗಮನದ ಕಾಲುಭಾಗವೂ ಈ ಟ್ಯಾಂಕಿಗೆ ಸಿಗುತ್ತಿಲ್ಲ. ಒತ್ತಡವನ್ನು ಕೂಡಿಟ್ಟುಕೊಳ್ಳುವ ಪಾತ್ರೆ ಇದೂ ಹೌದು.

ಒತ್ತಡದ ಲೆಕ್ಕ ಕಷ್ಟದ್ದಲ್ಲ. 10 ಮೀಟರ್ ಎತ್ತರಕ್ಕೆ ನಿಂತ ನೀರು ತನ್ನ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಒತ್ತಡ ಹಾಕುತ್ತದೆ. ಪ್ಲಂಬರುಗಳು ‘ಒಂದು ಕೆ.ಜಿ. ಪ್ರೆಷರ್’ ಅನ್ನುವುದು ಇದನ್ನೇ. ಮೀಟರಿನಲ್ಲಿ ಬಾರ್ ಎಂದು ಬರೆದಿದ್ದರೂ ಹೆಚ್ಚುಕಡಿಮೆ ಅಷ್ಟೇ. ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ 3 ಮೀಟರ್ ಕೆಳಗಿರುವ ಷವರಿಗೆ ಸಿಗುವುದು ಬರೀ 0.3 ಕೆ.ಜಿ. ಅದು ಸಾಲದಾದಾಗ ಪ್ರೆಷರ್ ಪಂಪು ಬರುತ್ತದೆ. ಅದರ ಸ್ವಿಚ್ಚು, ಅಂದರೆ ಆ ಕಪ್ಪು ಡಬ್ಬಿ, ಸಾಮಾನ್ಯವಾಗಿ 1.4 ಕೆ.ಜಿ.ಗೆ ಇಳಿದಾಗ ಪಂಪನ್ನು ಆನ್ ಮಾಡಿ 2.8ಕ್ಕೆ ಏರಿದಾಗ ಆಫ್ ಮಾಡುವಂತೆ ಕಾರ್ಖಾನೆಯಿಂದಲೇ ಹೊಂದಿಸಿ ಬಂದಿರುತ್ತದೆ.

ಈಗ ಟ್ಯಾಂಕಿನ ಒಳಗೆ ನೋಡೋಣ. ಅದರಲ್ಲಿ ಬರೀ ನೀರಿಲ್ಲ. ಒಳಗೊಂದು ರಬ್ಬರ್ ಚೀಲ ಇದೆ. ಚೀಲದೊಳಗೆ ನೀರು, ಚೀಲಕ್ಕೂ ಉಕ್ಕಿನ ಗೋಡೆಗೂ ನಡುವೆ ಗಾಳಿ. ಪಂಪು ನೀರು ತಳ್ಳಿದಂತೆ ಗಾಳಿ ಅಮುಕಿಕೊಳ್ಳುತ್ತದೆ, ನಲ್ಲಿ ತೆರೆದಾಗ ಹಿಗ್ಗಿ ನೀರನ್ನು ಹೊರಗೆ ದೂಡುತ್ತದೆ. ಒತ್ತಡ ಏರಿದಷ್ಟೂ ಗಾಳಿಯ ಗಾತ್ರ ಕುಗ್ಗುತ್ತದೆಂದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮವನ್ನು ಇಲ್ಲಿಗೆ ಹಚ್ಚಿ ನೋಡಿದರೆ, 24 ಲೀಟರಿನ ಟ್ಯಾಂಕು ಪಂಪು ಮತ್ತೆ ಆನ್ ಆಗುವ ಮೊದಲು ಕೊಡಬಲ್ಲ ನೀರು ಸುಮಾರು 8.5 ಲೀಟರ್. ಅರ್ಧ ಬಕೆಟ್ಟು! ಅಷ್ಟೇನಾ ಎಂದು ನಿರಾಶರಾಗಬೇಡಿ. ಅದೇ ಟ್ಯಾಂಕಿನಲ್ಲಿ ಗಾಳಿಯೇ ಇಲ್ಲದೆ ನೀರೇ ತುಂಬಿಕೊಂಡಿದ್ದರೆ, ಗೋಡೆ ಹಿಗ್ಗದು ಎಂದಿಟ್ಟುಕೊಂಡಾಗ, ಸಿಗುತ್ತಿದ್ದುದು 2 ಮಿಲಿಲೀಟರ್ ಕೂಡ ಇಲ್ಲ. ನೀರು ಅಮುಕಿದರೆ ಕುಗ್ಗುವ ಪದಾರ್ಥವಲ್ಲ. ಒಂದು ಚಮಚ ನೀರು ಹೊರಗೆ ಹೋಗುವಷ್ಟರಲ್ಲಿ ಒತ್ತಡ 2.8ರಿಂದ 1.4ಕ್ಕೆ ಕುಸಿದುಬಿಡುತ್ತದೆ.

ಹೆಚ್ಚಿನ ತೊಂದರೆಗಳು ಹುಟ್ಟುವುದು ಇಲ್ಲೇ. ಟ್ಯಾಂಕಿನ ಗಾಳಿ ವರ್ಷಗಳಲ್ಲಿ ನಿಧಾನವಾಗಿ ಸೋರಿಹೋಗುತ್ತದೆ, ಇಲ್ಲವೇ ರಬ್ಬರ್ ಚೀಲ ಹರಿಯುತ್ತದೆ. ಆಗ ಕೈ ತೊಳೆಯಲು ನಲ್ಲಿ ತೆರೆದರೂ ಪಂಪು ‘ಟಕ್’ ಎಂದು ಆನ್, ಮರುಕ್ಷಣ ಆಫ್, ಮತ್ತೆ ಆನ್. ಪ್ರತಿ ಸಲ ಹೊರಡುವಾಗ ಮೋಟರು ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆ ಬಿಸಿ ಆರುವ ಮೊದಲೇ ಮುಂದಿನ ಸ್ಟಾರ್ಟ್. ವೈಂಡಿಂಗ್ ಸುಟ್ಟುಹೋದಾಗ ನಾವು ವೋಲ್ಟೇಜನ್ನು ಬೈಯುತ್ತೇವೆ. ಮೋಟರಿಗಿಂತ ದೊಡ್ಡ ಅಪಾಯ ಸ್ವಿಚ್ಚಿನಲ್ಲಿದೆ. ಆನ್-ಆಫ್ ಆದಾಗಲೆಲ್ಲ ಅದರೊಳಗಿನ ತಾಮ್ರ-ಬೆಳ್ಳಿಯ ಬಿಂದುಗಳ ನಡುವೆ ಕಿಡಿ ಹಾರುತ್ತದೆ. ಕಿಡಿ ಹಾರಿ ಹಾರಿ ಒಂದು ದಿನ ಅವು ಒಂದಕ್ಕೊಂದು ಬೆಸೆದುಕೊಂಡರೆ ಪಂಪು ನಿಲ್ಲುವುದೇ ಇಲ್ಲ.

ಗಾಳಿ ನೋಡುವುದು ಮನೆಯವರೇ ಮಾಡಬಹುದಾದ ಕೆಲಸ. ಟ್ಯಾಂಕಿನ ತುದಿಯಲ್ಲಿ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಕಾರಿನ ಟೈರಿಗೆ ಇರುವಂಥದ್ದೇ ವಾಲ್ವ್ ಇರುತ್ತದೆ, ಟೈರಿನ ಮೀಟರೇ ಇದಕ್ಕೂ ಸಾಕು. ಮೊದಲು ಎಂಸಿಬಿ ಇಳಿಸಿ. ಎಲ್ಲಕ್ಕಿಂತ ಕೆಳಗಿನ ನಲ್ಲಿ ತೆರೆದು, ನೀರು ಪೂರ್ತಿ ನಿಂತು, ಮುಳ್ಳು ಸೊನ್ನೆಗೆ ಬರುವ ತನಕ ಕಾಯಿರಿ. ಈ ಕಾಯುವಿಕೆಯನ್ನು ದಯವಿಟ್ಟು ತಪ್ಪಿಸಬೇಡಿ. ಟ್ಯಾಂಕಿನಲ್ಲಿ ನೀರು ಒತ್ತಿಕೊಂಡಿರುವಾಗ ಅಳೆದರೆ ಗಾಳಿ ತೀರಾ ಕಡಿಮೆಯಿದ್ದರೂ ಮೀಟರು ನೀರಿನ ಒತ್ತಡವನ್ನೇ ತೋರಿಸಿ ಎಲ್ಲ ಸರಿಯಿದೆ ಎನಿಸುತ್ತದೆ. ಖಾಲಿ ಟ್ಯಾಂಕಿನಲ್ಲಿ ಗಾಳಿ, ಪಂಪು ಆನ್ ಆಗುವ ಒತ್ತಡಕ್ಕಿಂತ ಒಂದೆರಡು ಹತ್ತಾಂಶ ಕಡಿಮೆ ಇರಬೇಕು: 1.4ಕ್ಕೆ ಆನ್ ಆಗುವುದಾದರೆ 1.3, ಟೈರ್ ಮೀಟರಿನ ಲೆಕ್ಕದಲ್ಲಿ 18–19 ಪಿ.ಎಸ್.ಐ. ಕಡಿಮೆಯಿದ್ದರೆ ಸೈಕಲ್ ಪಂಪಿನಲ್ಲೇ ತುಂಬಿಸಬಹುದು. ಪಿನ್ನು ಒತ್ತಿದಾಗ ಗಾಳಿಯ ಬದಲು ನೀರು ಚಿಮ್ಮಿದರೆ ಚೀಲ ಹರಿದಿದೆ ಎಂದರ್ಥ, ಬದಲಿಸಲೇಬೇಕು. ಆರು ತಿಂಗಳಿಗೊಮ್ಮೆ ನೋಡಿದರೆ ಸಾಕು.

ಷವರಿನಲ್ಲಿ ರಭಸ ಸಾಲದೆಂದು ಸ್ವಿಚ್ಚಿನ ಸ್ಪ್ರಿಂಗ್ ನಟ್ಟು ಬಿಗಿಸುವ ಅಭ್ಯಾಸ ಒಳ್ಳೆಯದಲ್ಲ. ಆನ್-ಆಫ್ ಎರಡೂ ಮೇಲೇರುತ್ತವೆ. ಟ್ಯಾಂಕಿನ ಗಾಳಿಯನ್ನೂ ಅದಕ್ಕೆ ತಕ್ಕಂತೆ ಏರಿಸದಿದ್ದರೆ ಸಿಗುವ ನೀರು ಇನ್ನೂ ಕಡಿಮೆಯಾಗುತ್ತದೆ. ಬಾವಿಯ ಮನೆಗಳಲ್ಲಿ ಇನ್ನೊಂದು ಸಂಗತಿ. ಆಷಾಢದ ಮಳೆಗೆ ಕೈಗೆಟುಕುವಂತಿದ್ದ ನೀರು ಚೈತ್ರದಲ್ಲಿ ತಳ ಹಿಡಿಯುತ್ತದೆ. ಮಟ್ಟ 8 ಮೀಟರ್ ಇಳಿದರೆ ಪಂಪು ಮೇಲೆ ಕೊಡಬಲ್ಲ ಒತ್ತಡದಲ್ಲಿ 0.8 ಕೆ.ಜಿ. ಹೋಯಿತು. ಮಳೆಗಾಲದಲ್ಲಿ ಬಿಗಿಸಿಟ್ಟ ಆಫ್ ಒತ್ತಡವನ್ನು ಬೇಸಿಗೆಯಲ್ಲಿ ಅದು ಮುಟ್ಟುವುದೇ ಇಲ್ಲ, ನೀರು ಎಲ್ಲಿಗೂ ಹರಿಯದೆ ಪಂಪಿನೊಳಗೇ ಕಡೆದುಕೊಂಡು ಕಾಯುತ್ತದೆ. ಹಾಗೆ ಗಂಟೆಗಟ್ಟಲೆ ಓಡಿದರೆ ಪಕ್ಕದ ಪಿವಿಸಿ ಪೈಪು ಮೆತ್ತಗಾಗಿ ಬಾಗುವಷ್ಟು ಬಿಸಿಯಾಗಬಹುದು.

ಬೋರ್‌ವೆಲ್‌ನಿಂದ ನೇರವಾಗಿ ಪ್ರೆಷರ್ ಟ್ಯಾಂಕಿಗೆ ಕೊಟ್ಟಿದ್ದರೆ ಅಪಾಯ ಇನ್ನೊಂದು ಬಗೆಯದು. 150 ಮೀಟರ್ ಎತ್ತಬಲ್ಲ ಸಬ್‌ಮರ್ಸಿಬಲ್ ಇಳಿಸಿದ್ದೀರಿ, ನೀರು 40 ಮೀಟರಿನಲ್ಲೇ ಇದೆ ಎನ್ನಿ. ನಲ್ಲಿಗಳೆಲ್ಲ ಮುಚ್ಚಿರುವಾಗ ಸ್ವಿಚ್ಚು ಕೈಕೊಟ್ಟರೆ ನೆಲದ ಮೇಲಿನ ಪೈಪಿನಲ್ಲಿ ಒತ್ತಡ 11 ಕೆ.ಜಿ. ಮುಟ್ಟುತ್ತದೆ. ಸ್ವಿಚ್ಚು ಕೈಕೊಡಲು ಬಿಂದುಗಳು ಬೆಸೆದುಕೊಳ್ಳಲೇಬೇಕೆಂದಿಲ್ಲ. ಅದಕ್ಕೆ ಒತ್ತಡ ತಲುಪಿಸುವ ಸಣ್ಣ ನಳಿಕೆ ಕಬ್ಬಿಣಾಂಶದ ಕೆಂಪು ಕೆಸರಿನಿಂದಲೋ ಗಡಸು ನೀರಿನ ಸುಣ್ಣದಿಂದಲೋ ಕಟ್ಟಿಕೊಂಡರೂ ಸಾಕು. ಒತ್ತಡ ಏರಿದ್ದೇ ಸ್ವಿಚ್ಚಿಗೆ ತಿಳಿಯುವುದಿಲ್ಲ. ಮನೆಯ ಟ್ಯಾಂಕುಗಳ ಮೇಲೆ ಸಾಮಾನ್ಯವಾಗಿ 10 ಬಾರ್ ಮಿತಿ ಬರೆದಿರುತ್ತದೆ, ಪಿವಿಸಿ ಪೈಪಿನ ಮೇಲೆ 6 ಅಥವಾ 10 ಕೆ.ಜಿ. ಎಂದಿರಬಹುದು. ಪೈಪಿನ ಆ ಮಿತಿ 27 ಡಿಗ್ರಿ ಉಷ್ಣತೆಗೆ ಹೇಳಿದ್ದು. ಏಪ್ರಿಲ್ ಬಿಸಿಲಿಗೆ ಕಾದ ತಾರಸಿಯ ಪೈಪು ಅಷ್ಟು ತಾಳುವುದಿಲ್ಲ. ಬರೀ ನೀರಿರುವ ಪೈಪು ಒಡೆದರೆ ನೀರು ಚಿಮ್ಮಿ ಒತ್ತಡ ತಟ್ಟನೆ ಇಳಿಯುತ್ತದೆ, ಆದರೆ ಅಮುಕಿದ ಗಾಳಿಯಿರುವ ಟ್ಯಾಂಕು ಒಡೆದರೆ ಉಕ್ಕಿನ ಚೂರುಗಳೇ ಹಾರುತ್ತವೆ.

ಇದಕ್ಕೆ ಉಪಾಯ ಸೇಫ್ಟಿ ವಾಲ್ವ್. ಒಂದು ಸ್ಪ್ರಿಂಗ್, ಒಂದು ಬಿರಡೆ, ಕರೆಂಟು ಬೇಡ. ಆಫ್ ಒತ್ತಡಕ್ಕಿಂತ ಒಂದೂವರೆ-ಎರಡು ಕೆ.ಜಿ. ಮೇಲೆ, ಆದರೆ ಟ್ಯಾಂಕು-ಪೈಪುಗಳ ಮಿತಿಗಿಂತ ಸಾಕಷ್ಟು ಕೆಳಗೆ ತೆರೆದುಕೊಳ್ಳುವಂಥದ್ದು ಬೇಕು. ಪಂಪಿನ ಪೂರ್ತಿ ನೀರನ್ನು ಹೊರಬಿಡುವಷ್ಟು ದೊಡ್ಡದಿರಬೇಕು. ಪಂಪಿಗೂ ಅದಕ್ಕೂ ನಡುವೆ ಗೇಟ್‌ವಾಲ್ವ್ ಇರಕೂಡದು, ಅದರ ಬಾಯಿಗೆ ಬಿರಡೆ ಹಾಕಕೂಡದು. ಹನಿ ತೊಟ್ಟಿಕ್ಕುತ್ತದೆ ಎಂದು ಪ್ಲಗ್ ಹೊಡೆಸಿಬಿಡುವವರಿದ್ದಾರೆ. ತೊಟ್ಟಿಕ್ಕುವ ವಾಲ್ವನ್ನು ಬದಲಿಸಿ, ಮುಚ್ಚಬೇಡಿ.

ವಾಷಿಂಗ್ ಮೆಷಿನ್ ನೀರು ನಿಲ್ಲಿಸಿದಾಗ ಪೈಪಿನಲ್ಲಿ ‘ಧಡ್’ ಎಂದು ಕೇಳುವ ಸದ್ದಿಗೂ ಕಾರಣ ಒತ್ತಡವೇ. ರಷ್ಯಾದ ನಿಕೊಲಾಯ್ ಝುಕೋವ್‌ಸ್ಕಿ ಮಾಸ್ಕೋ ನಗರದ ನೀರಿನ ಕೊಳವೆಗಳಲ್ಲಿ ಇದನ್ನು ಅಳೆದು 1898ರಲ್ಲಿ ಸೂತ್ರ ಕೊಟ್ಟರು. ಸೆಕೆಂಡಿಗೆ 1 ಮೀಟರ್ ಓಡುವ ನೀರನ್ನು ಜಿಐ ಪೈಪಿನಲ್ಲಿ ಥಟ್ಟನೆ ತಡೆದರೆ ಆ ಕ್ಷಣಕ್ಕೆ 12 ಕೆ.ಜಿ.ಯಷ್ಟು ಒತ್ತಡ ಏಳುತ್ತದೆ, ಪಿವಿಸಿಯಲ್ಲಿ ಅದರ ಮೂರನೇ ಒಂದು ಪಾಲು. ಹತ್ತಿರದಲ್ಲೇ ಗಾಳಿ ಸರಿಯಿರುವ ಟ್ಯಾಂಕು ಇದ್ದರೆ ಈ ಏಟಿನ ಬಹುಪಾಲನ್ನು ಅದು ನುಂಗಿಕೊಳ್ಳುತ್ತದೆ.

ಪ್ರೆಷರ್ ಲೈನಿಗೆ ಜೋಡಿಸಿದ ಗೀಸರಿಗೆ ಅದರದೇ ಸೇಫ್ಟಿ ವಾಲ್ವ್ ಬೇಕು. 15 ಲೀಟರ್ ನೀರು 20ರಿಂದ 60 ಡಿಗ್ರಿಗೆ ಕಾದರೆ ಕಾಲು ಲೀಟರಿನಷ್ಟು ಹಿಗ್ಗುತ್ತದೆ, ಹಿಂದೆ ಎನ್‌ಆರ್‌ವಿ (ನೀರು ಹಿಮ್ಮುಖವಾಗಿ ಹರಿಯದಂತೆ ತಡೆಯುವ ವಾಲ್ವ್) ಇದ್ದರೆ ಆ ನೀರಿಗೆ ಹೋಗಲು ಬೇರೆ ದಾರಿಯಿಲ್ಲ. ಗಾಜಿನ ಕೊಳವೆಯ ಸಾಮಾನ್ಯ ಸೋಲಾರ್ ಹೀಟರಿನ ಟ್ಯಾಂಕು ಒತ್ತಡಕ್ಕೆ ಮಾಡಿದ್ದೇ ಅಲ್ಲ, ಅದಕ್ಕೆ ಪ್ರೆಷರ್ ಪಂಪಿನ ನೀರು ಕೊಡಬೇಡಿ.

ನಿಮ್ಮ ಮನೆಯ ಪಂಪಿನ ಹತ್ತಿರ ಹೋಗಿ ಸೇಫ್ಟಿ ವಾಲ್ವ್ ಎಲ್ಲಿದೆ ಎಂದು ಒಮ್ಮೆ ಹುಡುಕಿ. ಕಾಣದಿದ್ದರೆ, ಬೇರೇನೂ ರಿಪೇರಿ ಇಲ್ಲದಿದ್ದರೂ ಸರಿ, ಅದೊಂದಕ್ಕಾಗಿಯೇ ಪ್ಲಂಬರನ್ನು ಕರೆಸಿ.